ಅರಕಲಗೂಡಿನ ಹದಿನೆಂಟು ರೂಪಾಯಿ ಗೆಡ್ಡೆ

ಸತ್ತವರ ಹೆಸರಿನಲ್ಲಿ ಬದುಕಿರುವವರ ಜೇಬು ಕತ್ತರಿಸುವುದಕ್ಕೆ ಈ ವರ್ಷ ನಾನು ಬಿಡುವುದಿಲ್ಲ ಎಂದು ಆಷಾಢದಲ್ಲೇ ಘೋಷಿಸಿಬಿಟ್ಟೆ! ಘೋಷಿಸಿದ್ದು ಅಡುಗೆಮನೆಯಲ್ಲಿ. ಕೇಳಿಸಿಕೊಂಡವರು ನನ್ನ ಗಂಡ ತಿರುನಾರಾಯಣ ಮತ್ತು ನಮ್ಮ ಮಿಕ್ಸಿ. ಆದರೂ ಧ್ವನಿ ಘಟಿಕೋತ್ಸವ ಭಾಷಣದ್ದೇ. ಹಾಸನದ ಕಾಲೇಜೊಂದರಲ್ಲಿ ಮೂವತ್ತೈದು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವಳು ನಾನು. ಡಾಕ್ಟರೇಟ್ ಬಂದದ್ದೇ ಬೆಲೆಗಳ ಏರಿಳಿತದ ಮೇಲೆ ಬರೆದ ಪ್ರಬಂಧಕ್ಕೆ. ಅಂಥವಳು ತರಕಾರಿ ಅಂಗಡಿಯವನು ಹೇಳಿದ ಬೆಲೆಗೆ ತಲೆಯಾಡಿಸಿ ಚೀಲ ಒಡ್ಡುವುದೆಂದರೇನು?

ವಿಷಯ ಇಷ್ಟು. ಭಾದ್ರಪದದ ಹುಣ್ಣಿಮೆ ಕಳೆದ ಮೇಲಿನ ಹದಿನೈದು ದಿನ ಪಿತೃಪಕ್ಷ. ತಿಥಿಯ ಅಡುಗೆಗೆ ಆಲೂಗೆಡ್ಡೆ ಕೂಡದು, ಕ್ಯಾರೆಟ್ ಕೂಡದು, ಬೀಟ್‌ರೂಟ್ ಕೂಡದು, ಮೂಲಂಗಿಯಂತೂ ಹೊಸ್ತಿಲು ದಾಟುವಂತಿಲ್ಲ. ಉಳಿಯುವುದು ಗೆಣಸು, ಕೆಸವಿನ ಗೆಡ್ಡೆ, ಸುವರ್ಣಗೆಡ್ಡೆ. ನಮ್ಮ ಹಾಸನದ ಸುತ್ತ ನೆಲದಡಿ ಬೆಳೆಯುವುದಕ್ಕೆ ಕೊರತೆಯೇನಿಲ್ಲ. ಮೊದಲು ಎಲ್ಲೆಲ್ಲೂ ಆಲೂಗೆಡ್ಡೆ ಇತ್ತು, ಈಗ ಅದರ ಹೊಲಗಳಲ್ಲಿ ಶುಂಠಿ ಕೂತಿದೆ. ಆದರೆ ಸುವರ್ಣಗೆಡ್ಡೆಯನ್ನು ಎಕರೆಗಟ್ಟಲೆ ಹಾಕುವವರು ಯಾರು? ತೋಟದ ಮೂಲೆಯಲ್ಲಿ ನಾಲ್ಕು ಗುಂಡಿ, ಅಷ್ಟೆ. ಪೂರೈಕೆ ನಾಲ್ಕು ಗುಂಡಿಯದು, ಬೇಡಿಕೆ ಇಡೀ ಜಿಲ್ಲೆಯ ಸತ್ತವರದು! ವರ್ಷವಿಡೀ ತಣ್ಣಗಿದ್ದವರು ಒಂದೇ ಹದಿನೈದು ದಿನದಲ್ಲಿ ಒಟ್ಟಾಗಿ ಮಾರುಕಟ್ಟೆಗೆ ಇಳಿಯುತ್ತಾರೆ. ಬೆಲೆ ಏರದೆ ಏನಾಗುತ್ತದೆ?

ನನ್ನ ಅತ್ತೆಯವರೂ ತೀರಿಕೊಂಡದ್ದು ಈ ಹದಿನೈದು ದಿನದೊಳಗೇ. ಬದುಕಿದ್ದಾಗ ನನಗೆ ಯಾವ ಅನುಕೂಲವನ್ನೂ ಮಾಡಿಕೊಡದವರು, ಹೋಗುವಾಗಲೂ ಗೆಡ್ಡೆಯ ಬೆಲೆ ಏರುವ ದಿನವನ್ನೇ ಆರಿಸಿಕೊಂಡರು.

ಮೂವತ್ತು ವರ್ಷ ಅವರ ತಿಥಿಯನ್ನು ಹೊಳೆನರಸೀಪುರದಲ್ಲಿ ನನ್ನ ಭಾವನವರು ಮಾಡುತ್ತಿದ್ದರು. ಹೋದ ವರ್ಷ ಕಾರ್ತಿಕದಲ್ಲಿ ಭಾವನವರೇ ಪಿತೃಗಳ ಪಟ್ಟಿಗೆ ಸೇರಿದರು. ಅಣ್ಣನ ಹನ್ನೊಂದನೆಯ ದಿನ ಮುಗಿಸಿ ಬಂದ ತಿರುನಾರಾಯಣರ ಎದೆಗೆ ವೈದ್ಯರು ಬೆಂಕಿಪೆಟ್ಟಿಗೆಯಷ್ಟಿದ್ದ ಒಂದು ಯಂತ್ರ ಕೂರಿಸಿದರು. ಹೀಗೆ ಎಪ್ಪತ್ತಾರನೆಯ ವಯಸ್ಸಿನಲ್ಲಿ, ಯಂತ್ರದ ಗಡಿಯಾರದ ಮೇಲೆ ನಡೆಯುತ್ತಿರುವ ಮನುಷ್ಯನ ಪಾಲಿಗೆ ಮೊದಲ ಸಲ ತಾಯಿಯ ತಿಥಿ ಬಂತು.

"ಒಂದು ಸಲ ಅಮ್ಮ ನಮ್ಮನೇಲಿ ಹೊಟ್ಟೆ ತುಂಬಾ ಊಟ ಮಾಡ್ಬೇಕು ಹಂಸಾ," ಎಂದರು. "ಮುಂದಿನ ವರ್ಷದ ಮಾತು ಯಾರಿಗೆ ಗೊತ್ತು?"

ಇದಕ್ಕೆ ಹಿನ್ನೆಲೆಯಿದೆ. ಅತ್ತೆಯವರು ವರ್ಷಕ್ಕೆ ಮೂರು ದಿನ ಹಾಸನಕ್ಕೆ ಬರುತ್ತಿದ್ದರು. ಆ ಮೂರು ದಿನವೂ ಒಂದು ಲೋಟ ಹಾಲು, ಎರಡು ಬಾಳೆಹಣ್ಣು, ಅಷ್ಟರಲ್ಲೇ ಕಳೆಯುತ್ತಿದ್ದರು. ಕಾರಣವನ್ನೂ ಮುಚ್ಚಿಡುತ್ತಿರಲಿಲ್ಲ. "ಈ ಮನೇಲಿ ಅನ್ನಕ್ಕಿಂತ ಉಪನ್ಯಾಸ ಜಾಸ್ತಿ ಬಡಿಸ್ತಾರೆ. ಒಂದೇ ಒಂದು ಊಟ ಮುಗಿಯೋ ತನಕ ಇವಳು ಬಾಯಿ ಮುಚ್ಕೊಂಡಿರಲಿ, ಅವತ್ತು ನಾನು ಹೊಟ್ಟೆ ತುಂಬಾ ತಿಂತೀನಿ!" ನಾನು ಮುಚ್ಚಿಕೊಳ್ಳಲಿಲ್ಲ, ಅವರು ತಿನ್ನಲಿಲ್ಲ. ನನ್ನ ಮದುವೆಯಾದಂದಿನಿಂದ ಹದಿನೇಳು ವರ್ಷ ಈ ಒಪ್ಪಂದ ಚಾಚೂ ತಪ್ಪದೆ ನಡೆಯಿತು. ಆಮೇಲೆ ಅವರು ತೀರಿಕೊಂಡರು.

"ಗೆಡ್ಡೆ ಮಾತ್ರ ಹೊಳೆನರಸೀಪುರದಲ್ಲಿ ಅತ್ತಿಗೆ ತಗೊಳ್ತಿದ್ದ ಮುದುಕಿ ಹತ್ರಾನೇ ತಂದುಬಿಡೋಣ," ಎಂದರು ತಿರುನಾರಾಯಣ.

"ಕೆಜಿಗೆ ಎಂಬತ್ತು ರೂಪಾಯಿ ಕೊಟ್ಟು?"

"ಎಂಬತ್ತಾದ್ರೇನೇ? ಅಮ್ಮನಿಗಲ್ವೇ?"

"ನಿಮ್ಮಮ್ಮನಿಗಾದರೆ ಗೆಡ್ಡೆ ಚಿನ್ನ ಆಗತ್ತಾ? ನಿಮ್ಮತ್ತಿಗೆ ಮೂವತ್ತು ವರ್ಷದಿಂದ ಒಂದೇ ಮುದುಕಿ ಹತ್ತಿರ ಚೌಕಾಸಿ ಮಾಡದೆ ಕೊಂಡ್ಕೊಂಡು ಬಂದಿದಾರೆ. ಅದಕ್ಕೆ ಅರ್ಥಶಾಸ್ತ್ರದಲ್ಲಿ ಏನಂತಾರೆ ಗೊತ್ತಾ?"

"ಗೊತ್ತಿಲ್ಲ. ಹೇಳ್ಬೇಡ," ಎಂದು ಅವರು ಪತ್ರಿಕೆ ಬಿಡಿಸಿದರು.

ನಾನು ಹೇಳಿದೆ. ಇಪ್ಪತ್ತು ನಿಮಿಷ ಹಿಡಿಯಿತು.

ಶ್ರಾವಣ ಹುಟ್ಟಿದ್ದೇ ಸಮೀಕ್ಷೆಗೆ ಹೊರಟೆ. ಆಧಾರ್ ಕಾರ್ಡ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲವಲ್ಲ! ಸಾಗಣೆಯ ವೆಚ್ಚ ಸೊನ್ನೆಯಾದ ಮಾರುಕಟ್ಟೆ ಪುಸ್ತಕದಲ್ಲಿ ಮಾತ್ರ ಇರುತ್ತದೆ ಎಂದು ಪಾಠ ಮಾಡಿದವಳಿಗೆ ಅದು ಹಾಸನದ ಬಸ್ ನಿಲ್ದಾಣದಲ್ಲೇ ಸಿಕ್ಕಿಬಿಟ್ಟಿತು. ಒಂದು ದಿನ ಚನ್ನರಾಯಪಟ್ಟಣ, ಒಂದು ದಿನ ಸಾಲಗಾಮೆ, ಒಂದು ದಿನ ಹೊಳೆನರಸೀಪುರ. ಸಂತೆಯಲ್ಲಿ ನಿಂತು ಬೆಲೆ ಕೇಳುವುದು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ಏನೂ ಕೊಳ್ಳದೆ ಮುಂದೆ ಹೋಗುವುದು. ಚನ್ನರಾಯಪಟ್ಟಣದ ವ್ಯಾಪಾರಿಯೊಬ್ಬ ನನ್ನನ್ನು ತೂಕ ಮತ್ತು ಅಳತೆ ಇಲಾಖೆಯವಳೆಂದು ತಿಳಿದು ಕಲ್ಲುಗಳನ್ನೆಲ್ಲ ಗೋಣಿಚೀಲದಡಿ ಸೇರಿಸಿದ. ಚನ್ನರಾಯಪಟ್ಟಣ ಐವತ್ತೈದು, ಹಾಸನ ಅರವತ್ತು, ಹೊಳೆನರಸೀಪುರದ ಮುದುಕಿಯದು ಎಂಬತ್ತು. ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ.

ನಾಲ್ಕನೆಯ ಸಲ ಅರಕಲಗೂಡಿಗೆ ಹೋದೆ. ಸಂತೆಯ ಕೊನೆಯ ಸಾಲಿನಲ್ಲಿ ರುದ್ರಯ್ಯ ಎಂಬ ರೈತರು ಹಸುರು ಟವೆಲ್ ತಲೆಗೆ ಸುತ್ತಿಕೊಂಡು, ಮುಂದೆ ಮೂರೇ ಮೂರು ದಪ್ಪ ಗೆಡ್ಡೆ ಇಟ್ಟುಕೊಂಡು ಕೂತಿದ್ದರು.

"ಸುವರ್ಣಗೆಡ್ಡೆ ಎಷ್ಟು?"

"ಅದ್ನೆಂಟು ರೂಪಾಯಿ."

ನನ್ನ ಪೆನ್ನು ನಿಂತಿತು. ಹದಿನೆಂಟು! ನಲವತ್ತು ಕಿಲೋಮೀಟರಿನೊಳಗೆ ಒಂದೇ ಸರಕಿಗೆ ಹದಿನೆಂಟೂ ಎಂಬತ್ತೂ! ಇಂಥ ಅಂತರ ಕಣ್ಣಾರೆ ನೋಡುವುದಕ್ಕೆ ನಾನು ನಿವೃತ್ತಳಾಗಿ ಎಪ್ಪತ್ತೆರಡು ಮುಟ್ಟಬೇಕಾಯಿತು.

"ಮೂರೂ ತೂಕ ಮಾಡಿ," ಎಂದೆ.

ರುದ್ರಯ್ಯ ಅಲ್ಲಾಡಲಿಲ್ಲ. "ಯಾತಕ್ಕವ್ವಾ?"

"ಅಡುಗೆಗೆ."

"ಬ್ಯಾಡ ಕಣ್ರವ್ವಾ. ಇದು ಬೇಲಿ ಸವರುವಾಗ ಸಿಕ್ಕಿದ್ದು, ಕಾಡುಗೆಡ್ಡೆ. ಬಲು ಕಡೀತದೆ. ನಾಟಿ ಔಷ್ದಿ ಮಾಡೋರು ಮೂಲವ್ಯಾಧಿಗೆ ಅಂತ ಒಯ್ತಾರೆ, ಅದ್ಕೆ ತಂದಿವ್ನಿ. ಅಡಿಗೆಗೆ ಹಾಕ್ಲೇಬೇಕು ಅಂದ್ರೆ ಬೊಗಸೆ ತುಂಬ ಉಣಸೇಹಣ್ಣು ಹಾಕಿ ಬೇಯಿಸ್ಬೇಕಾಯ್ತದೆ."

ಓದುಗರೇ, ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಯಾವ ಮನುಷ್ಯನಿಗೂ ಸಾಧ್ಯವಿಲ್ಲ. ಆದರೆ ನನಗೆ ವಿದ್ಯೆ ಅಡ್ಡ ಬಂತು. ತನ್ನ ಸರಕನ್ನು ತಾನೇ ಹಳಿಯುವ ವ್ಯಾಪಾರಿ ಅದನ್ನು ಬೇರೆ ಗಿರಾಕಿಗೆ ಕಾದಿರಿಸಿದ್ದಾನೆ ಎಂದು ಒಂದು ಸಿದ್ಧಾಂತವಿದೆ. ಬೇರೆಲ್ಲೂ ಇಲ್ಲ, ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಹುಟ್ಟಿತು!

"ನನಗೆ ಉಪಾಯ ಹೇಳಬೇಡಿ. ತೂಕ ಮಾಡಿ."

"ಆಯ್ತು ಬುಡಿ. ಓದಿರೋರು ಅಂಗೆ ಕಾಣ್ತೀರಿ," ಎಂದು ಅವರು ತಕ್ಕಡಿ ಎತ್ತಿದರು. ಹನ್ನೆರಡು ಕೆಜಿ ಆಯಿತು. ನಮಗೆ ಬೇಕಾಗಿದ್ದದ್ದು ಎರಡು.

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಚೀಲವನ್ನು ಕಾಲಿನಿಂದ ತಟ್ಟಿ ನೋಡಿದ. "ಅಜ್ಜೀ, ನಿಮಗೆ ಫ್ರೀ. ಚೀಲಕ್ಕೆ ಲಗೇಜ್ ತಗೋಬೇಕು."

"ಹೆಂಗಸರಿಗೆ ಉಚಿತ ಅಂತ ಬರೆದಿದೆಯಲ್ಲಪ್ಪ."

"ಚೀಲ ಎಂಗಸು ಅಂತ ಆಧಾರ್ ಕಾರ್ಡ್ ಐತಾ?"

ಬಸ್ಸೆಲ್ಲ ನಕ್ಕಿತು. "ಇದು ನನಗಲ್ಲ, ನನ್ನ ಅತ್ತೆಗೆ," ಎಂದೆ ಗಾಂಭೀರ್ಯದಿಂದ.

"ಅತ್ತೆ ಎಲ್ಲವ್ರೆ?"

"ತೀರಿಕೊಂಡು ಮೂವತ್ತೊಂದು ವರ್ಷ ಆಯ್ತು."

ಅವನು ನನ್ನನ್ನೂ ಚೀಲವನ್ನೂ ಒಂದು ಸಲ ನೋಡಿ, ಚೀಟಿ ಹರಿದು ಕೈಗಿಟ್ಟು, ದುಡ್ಡು ತೆಗೆದುಕೊಂಡು ಬಸ್ಸಿನ ಮುಂದಿನ ತುದಿಗೆ ಹೋದವನು ಹಾಸನದವರೆಗೆ ಹಿಂದೆ ಬರಲಿಲ್ಲ.

ಗೆಡ್ಡೆಗಳು ಮಂಚದ ಕೆಳಗೆ ಮರಳು ಹಾಸಿನ ಮೇಲೆ ಪವಡಿಸಿದವು. ಅತ್ತ ಪೇಟೆಯಲ್ಲಿ ಬೆಲೆ ಎಪ್ಪತ್ತಾಯಿತು, ಎಂಬತ್ತೈದಾಯಿತು, ಪಿತೃಪಕ್ಷ ಕಾಲಿಟ್ಟ ದಿನ ತೊಂಬತ್ತೈದಾಯಿತು. ನಾನು ಪ್ರತಿ ಬೆಳಿಗ್ಗೆ ಗ್ರಾಫಿನ ಗೆರೆಯನ್ನು ಮೇಲಕ್ಕೆಳೆದು ತಿರುನಾರಾಯಣರನ್ನು ಕರೆದು ತೋರಿಸುತ್ತಿದ್ದೆ. ಒಂದು ದಿನ ಅವರು, "ಒಂದು ಹೋಳು ಬೇಯಿಸಿ ನೋಡ್ಬೇಕಿತ್ತೇನೋ..." ಎಂದು ಶುರುಮಾಡಿ, "ಬೇಡ ಬೇಡ. ತಿಥಿಗೆ ಅಂತ ತಂದಿದ್ದು, ಮೊದಲೇ ಮುಟ್ಟಬಾರದು," ಎಂದು ತಾವೇ ಮುಗಿಸಿದರು. ಮೂವತ್ತೈದು ವರ್ಷ ಸ್ಯಾಂಪಲ್ ತೆಗೆದು ಪರೀಕ್ಷಿಸುವ ಪಾಠ ಮಾಡಿದ ನಾನು, ಸರಿ ಎಂದೆ.

ತಿಥಿಯ ದಿನ ಬೆಳಿಗ್ಗೆ ಮಡಿಯುಟ್ಟು ಗೆಡ್ಡೆ ಹೆಚ್ಚಲು ಕೂತೆ. ಹತ್ತನೆಯ ಹೋಳಿಗೆ ಬೆರಳು ಕಡಿಯಿತು. ಇಪ್ಪತ್ತನೆಯದಕ್ಕೆ ಮುಂಗೈ. ಒಂದು ಬಟ್ಟಲು ತುಂಬುವಷ್ಟರಲ್ಲಿ ಮೊಣಕೈವರೆಗೆ ಬೆಂಕಿ. ಚರ್ಮ ಬೇರೆ, ನಾಲಿಗೆ ಬೇರೆ, ಎರಡಕ್ಕೂ ಸಂಬಂಧ ಕಲ್ಪಿಸುವುದು ಅವೈಜ್ಞಾನಿಕ ಎಂದು ಸಮಾಧಾನ ಹೇಳಿಕೊಂಡೆ. ಆಗ ರುದ್ರಯ್ಯನವರ ಬೊಗಸೆ ಹುಣಸೆಹಣ್ಣು ನೆನಪಾಯಿತು. ಕೈ ಡಬ್ಬಿಯ ಜಾಗಕ್ಕೆ ಹೋಯಿತು. ಡಬ್ಬಿ ಇರಲಿಲ್ಲ. ನಮ್ಮಲ್ಲಿ ತಿಥಿಯ ಅಡುಗೆಗೆ ಹುಣಸೆಹಣ್ಣು ನಿಷಿದ್ಧ. ಮರೆತೂ ಸೇರದಿರಲಿ ಎಂದು ಹಿಂದಿನ ದಿನವೇ ತಿರುನಾರಾಯಣ ಅದನ್ನು ಮಲಗುವ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು!

ಮೂರು ನೀರಿನಲ್ಲಿ ಬೇಯಿಸಿ ಬಸಿದೆ. ಮೆಣಸು, ಕಾಯಿ, ಹೆಸರುಬೇಳೆ ಹಾಕಿ ಕೂಟು ಮಾಡಿದೆ. ರುಚಿ ನೋಡೋಣವೆಂದರೆ, ತಿಥಿಯ ಅಡುಗೆಯನ್ನು ಎಲೆಗೆ ಬಡಿಸುವ ಮುನ್ನ ಮಾಡಿದವರು ನಾಲಿಗೆಗೆ ತಾಗಿಸುವಂತಿಲ್ಲ. ಪರಿಮಳವೇನೋ ಚೆನ್ನಾಗಿತ್ತು.

ಪುರೋಹಿತ ಆತ್ರೇಯ ಹನ್ನೊಂದಕ್ಕೆ ಇಬ್ಬರನ್ನು ಕರೆತಂದರು. ದೇವತೆಗಳ ಎಲೆಗೆ ಒಬ್ಬರು ವೃದ್ಧರು. ಅತ್ತೆಯವರ ಎಲೆಗೆ ಹೊಳೆನರಸೀಪುರದ ಗಿರಿಧರ, ಬ್ಯಾಂಕಿನ ನಿವೃತ್ತ ಕ್ಯಾಷಿಯರ್. ನನ್ನ ಅತ್ತೆ ಐದಡಿಯೂ ಇರಲಿಲ್ಲ, ಈತ ಆರಡಿ. ತಿರುನಾರಾಯಣ ಮಾತ್ರ ಅವರ ಕಾಲು ತೊಳೆಯುವಾಗಲೇ ಅಮ್ಮನನ್ನು ಕಂಡವರಂತೆ ನಡುಗುತ್ತಿದ್ದರು. ಹಿಂದಿನ ರಾತ್ರಿಯಿಂದ ಒಂದು ತೊಟ್ಟು ಕಾಫಿಯೂ ಇಲ್ಲದ ದೇಹ.

ಈ ಊಟದ ನಿಯಮ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಲೆಗೆ ಕೂತವರು ಮಾತಾಡುವಂತಿಲ್ಲ. ಬಡಿಸಿದ್ದು ಚೆನ್ನಾಗಿದೆ ಎನ್ನುವಂತಿಲ್ಲ, ಕೆಟ್ಟಿದೆ ಎನ್ನುವಂತಿಲ್ಲ. ಹೇಗಿದೆ ಎಂದು ನಾವೂ ಕೇಳುವಂತಿಲ್ಲ. ಮಾಡಿದವಳು ರುಚಿ ನೋಡುವಂತಿಲ್ಲ, ತಿಂದವನು ರುಚಿ ಹೇಳುವಂತಿಲ್ಲ! ಮಾಹಿತಿಯ ಹರಿವು ಇಷ್ಟು ಸಂಪೂರ್ಣವಾಗಿ ಸ್ತಬ್ಧವಾದ ಇನ್ನೊಂದು ವ್ಯವಹಾರ ಲೋಕದಲ್ಲಿ ಇರಲಾರದು.

ದೇವತೆಗಳ ಎಲೆಯವರು ಅನುಭವಸ್ಥರು. ಒಂದು ಹೋಳು ಬಾಯಿಗಿಟ್ಟವರು ಉಳಿದದ್ದನ್ನು ಅನ್ನದಡಿ ಸಮಾಧಿ ಮಾಡಿದರು. ಗಿರಿಧರ ಬ್ಯಾಂಕಿನಲ್ಲಿದ್ದವರು, ಎದುರಿಗೆ ಬಂದದ್ದನ್ನು ಪೂರ್ತಿ ಮುಗಿಸುವ ಅಭ್ಯಾಸ. ಮೂರು ತುತ್ತು ಇಳಿಸಿದರು. ನಾಲ್ಕನೆಯದು ಬಾಯಿಯ ಹತ್ತಿರ ನಿಂತಿತು. ಕುತ್ತಿಗೆಯ ನರ ಎದ್ದವು. ಕಣ್ಣು ಕೆಂಪಾಯಿತು. ಆಮೇಲೆ ಎರಡೂ ಕೆನ್ನೆಯ ಮೇಲೆ ಧಾರೆಧಾರೆಯಾಗಿ ನೀರು.

ತಿರುನಾರಾಯಣ ನನ್ನತ್ತ ತಿರುಗಿದರು. ಅವರ ಕಣ್ಣೂ ತುಂಬಿತ್ತು. "ಹಂಸಾ," ಎಂದರು ಪಿಸುದನಿಯಲ್ಲಿ, "ಅಮ್ಮ ಅಳ್ತಿದಾಳೆ."

ನಾನು ಬಾಯಿ ತೆರೆದೆ. ಮುಚ್ಚಿದೆ. ನಿಲ್ಲಿಸಿ ಎಂದರೆ ತಿಥಿ ಅಲ್ಲಿಗೆ ಮುರಿಯುತ್ತದೆ, ಇನ್ನೊಂದು ದಿನ ಮೊದಲಿನಿಂದ ಮಾಡಬೇಕು. ಎದೆಯಲ್ಲಿ ಯಂತ್ರವಿಟ್ಟುಕೊಂಡು ಉಪವಾಸ ನಿಂತಿದ್ದ ಮನುಷ್ಯನ ಮುಖ ನೋಡಿದೆ. ಆ ಮುಖಕ್ಕೆ ಏನು ಹೇಳುವುದು? ಅವರು ಕೂಟಿನ ಪಾತ್ರೆಯನ್ನು ತಾವೇ ಎತ್ತಿಕೊಂಡು ಗಿರಿಧರರ ಎಲೆಗೆ ಇನ್ನೊಂದು ಸಲ ಕೈಯಾರೆ ಬಡಿಸಿದರು. ಗಿರಿಧರ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಸಂಕೋಚವೆಂದು ತಿಳಿದು ಕೈಯ ಸಂದಿಯಲ್ಲಿ ಬಡಿಸಿದರು.

ಆಮೇಲೆ ಯಾಕೋ ತಿರುನಾರಾಯಣ ಕೂಟಿನ ತಂಟೆಗೆ ಹೋಗಲಿಲ್ಲ. ತುಪ್ಪ ಸುರಿದರು. ಮೊಸರು ಸುರಿದರು. ಮತ್ತೆ ತುಪ್ಪ, ಮತ್ತೆ ಮೊಸರು. ನಾನು ಬಾಗಿಲ ಹಿಂದೆ ನಿಂತು ಗಿರಿಧರರ ಉಸಿರು ಎಣಿಸುತ್ತಿದ್ದೆ. ತುಟಿಗಳು ಕಜ್ಜಾಯದಷ್ಟು ದಪ್ಪಗಾಗಿದ್ದವು. ನಿಮಿಷಕ್ಕೆ ಇಪ್ಪತ್ತಾರು. ಇಪ್ಪತ್ತೆಂಟು. ಅತ್ತೆಯವರನ್ನು ಉಣಿಸಲು ಹೋಗಿ ಅವರ ಬಳಿಗೆ ಇನ್ನೊಬ್ಬರನ್ನು ಕಳಿಸುತ್ತಿದ್ದೇನೆಯೇ ಎಂಬ ಯೋಚನೆ ಬಂತು. ಜೀವಮಾನದಲ್ಲಿ ಸಂಖ್ಯೆಗಳು ನನ್ನನ್ನು ಹೆದರಿಸಿದ್ದು ಅದೇ ಮೊದಲು.

ಕಡೆಗೆ ತಿರುನಾರಾಯಣ ಕೈಮುಗಿದು ಕೇಳಬೇಕಾದದ್ದನ್ನು ಕೇಳಿದರು: "ತೃಪ್ತಾಃ ಸ್ಥ?" ತೃಪ್ತರಾದಿರಾ? ತೃಪ್ತರಾದೆವು ಎಂದು ಎಲೆಗೆ ಕೂತವರು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಹಿರಿಯರು ಹಸಿದು ಹೋದಂತೆ.

ದೇವತೆಗಳು ತಕ್ಷಣ ಹೇಳಿದರು. ಅತ್ತೆಯವರ ಎಲೆಯಿಂದ ಸದ್ದಿಲ್ಲ. ಗಿರಿಧರರ ಬಾಯಿ ತೆರೆಯಿತು, ಗಂಟಲ ಗುಂಡಿ ಮೇಲೆ ಕೆಳಗೆ ಹೋಯಿತು, ಗಾಳಿ ಮಾತ್ರ ಬಂತು. ಆತ್ರೇಯ ಮಂತ್ರ ನಿಲ್ಲಿಸಿ ನೋಡಿದರು. ತಿರುನಾರಾಯಣ ಮುಗಿದ ಕೈ ಇಳಿಸದೆ ಇನ್ನೊಂದು ಹೆಜ್ಜೆ ಹತ್ತಿರ ಬಂದರು. ಗಿರಿಧರ ಆ ಕೈಯನ್ನೇ ಒಂದು ಗಳಿಗೆ ದಿಟ್ಟಿಸಿ, ಎದುರಿನ ಲೋಟದ ಮಜ್ಜಿಗೆ ಅಷ್ಟನ್ನೂ ಕುಡಿದು, ಬಾವಿಯ ತಳದಿಂದ ಬಂದಂಥ ದನಿಯಲ್ಲಿ ಹೇಳಿಬಿಟ್ಟರು: "ತೃಪ್ತಾಃ ಸ್ಮಃ."

ಪಿತೃಗಳ ಎದುರು ಆ ಪ್ರಾಮಾಣಿಕ ಕ್ಯಾಷಿಯರ್ ಹೇಳಿದ ಏಕೈಕ ಸುಳ್ಳು ಅದು. ಹೇಳಿಸಿದವಳು ನಾನು.

ತಾಂಬೂಲವಾದ ಮೇಲೆ ತಿರುನಾರಾಯಣ ಪಿಂಡಗಳನ್ನು ವಿಸರ್ಜಿಸಲು ಹಿತ್ತಲಿಗೆ ಹೋದರು. ಗೇಟಿನ ಬಳಿ ಆತ್ರೇಯ ಗಿರಿಧರರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಳ್ಳುತ್ತಿದ್ದರು, ಆಸ್ಪತ್ರೆಗೆ.

"ಏನಮ್ಮಾ ಬಡಿಸಿದ್ರಿ?"

"ಸುವರ್ಣಗೆಡ್ಡೆ. ಅರಕಲಗೂಡಿನದು."

"ಕಡಿಯತ್ತೆ ಅಂತ ಮಾರಿದವನು ಹೇಳಲಿಲ್ವೇ?"

"ಹೇಳಿದ್ರು."

"ಮತ್ತೆ?"

ಮೂವತ್ತೈದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಹೀಗೆ ಎರಡಕ್ಷರದಲ್ಲಿ ನಿಲ್ಲಿಸಿರಲಿಲ್ಲ. ಅರ್ಧ ಗಂಟೆಯಲ್ಲಿ ಆತ್ರೇಯರ ಫೋನ್ ಬಂತು. ಒಂದು ಇಂಜೆಕ್ಷನ್ನಿಗೆ ಊತ ಇಳಿಯುತ್ತಿದೆ, ಭಯವಿಲ್ಲ, ಆದರೆ ಮುಂದಿನ ವರ್ಷ ಬೇರೆ ಯಾರನ್ನಾದರೂ ನೋಡಿಕೊಳ್ಳಬೇಕಂತೆ.

ಫೋನ್ ಇಡುವಷ್ಟರಲ್ಲಿ ಹೊಳೆನರಸೀಪುರದಿಂದ ನನ್ನ ಓರಗಿತ್ತಿ ಸುಂದರಮ್ಮನದು. "ಎಲ್ಲಾ ಸಾಂಗವಾಗಿ ಆಯ್ತೇನೇ ಹಂಸಾ?"

"ಅಕ್ಕಾ, ಆ ಮುದುಕಿ ಗೆಡ್ಡೆಗೆ ಎಂಬತ್ತು ರೂಪಾಯಿ ಯಾಕೆ ಕೊಡ್ತಿದ್ರಿ?"

"ಇದೇನೇ ಪ್ರಶ್ನೆ? ಅವಳು ಗೆಡ್ಡೇನ ವರ್ಷ ಪೂರ್ತಿ ಅಟ್ಟದ ಮೇಲೆ ಒಣಗಿಸ್ತಾಳೆ. ಪ್ರತಿಯೊಂದರಲ್ಲೂ ಒಂದು ಹೋಳು ತಾನು ಬೇಯಿಸಿ ತಿಂದು ನೋಡಿ ಆಮೇಲೆ ಕೊಡ್ತಾಳೆ. ನಾವು ರುಚಿ ನೋಡೋ ಹಾಗಿಲ್ವಲ್ಲೇ, ನಮ್ಮ ಬದಲು ಅವಳು ನೋಡ್ತಾಳೆ."

ಎಲ್ಲ ಸುದ್ದಿಯೂ ಬೆಲೆಯೊಳಗೇ ಇರುತ್ತದೆ, ಓದಲು ಬರಬೇಕು ಅಷ್ಟೆ ಎಂದು ನಾನು ತಲೆಮಾರುಗಳಿಗೆ ಬೋಧಿಸಿದ್ದೆ. ಎಂಬತ್ತು ರೂಪಾಯಿ ತನ್ನ ಸುದ್ದಿ ಹೇಳಿತ್ತು. ಹದಿನೆಂಟು ರೂಪಾಯಿಯೂ ಹೇಳಿತ್ತು, ಜೊತೆಗೆ ರುದ್ರಯ್ಯನವರನ್ನೂ ಸಾಕ್ಷಿಗೆ ಕರೆತಂದಿತ್ತು. ಓದಲು ಬಾರದೆ ಹೋದದ್ದು ಡಾಕ್ಟರೇಟಿಗೆ.

ಅಷ್ಟರಲ್ಲಿ ಹಿತ್ತಲಿನಲ್ಲಿ ಕೈಕಾಲು ತೊಳೆಯುವ ಸದ್ದಾಯಿತು. ತಿಥಿಯಲ್ಲಿ ಉಳಿದ ಅಡುಗೆಯನ್ನು ಮಾಡಿದವರೇ ಪ್ರಸಾದವೆಂದು ಉಣ್ಣಬೇಕು, ಚೆಲ್ಲುವಂತಿಲ್ಲ. ತಿರುನಾರಾಯಣ ಈಗ ಊಟಕ್ಕೆ ಕೂರುತ್ತಾರೆ. ಒಂದು ತುತ್ತು ಕೂಟು ಬಾಯಿಗಿಟ್ಟರೆ ಸಾಕು, ಅಮ್ಮನ ಕಣ್ಣೀರು ಯಾವುದೆಂದು ತಿಳಿದುಹೋಗುತ್ತದೆ. ಆ ಕಣ್ಣೀರು ಗೆಡ್ಡೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳದೆಂದು ನಾನೇ ವಿವರಿಸಬಹುದಿತ್ತು. ಎಪ್ಪತ್ತೆರಡು ವರ್ಷ ನಾನು ಯಾರಿಂದಲೂ ಸತ್ಯ ಮುಚ್ಚಿಟ್ಟವಳಲ್ಲ.

ಪಾತ್ರೆ ಎತ್ತಿಕೊಂಡೆ. ಅರ್ಧ ಉಳಿದಿತ್ತು. ಒಲೆ ಕಟ್ಟೆಗೆ ಒರಗಿ ನಿಂತು ಸೌಟಿನಿಂದಲೇ ತಿಂದೆ. ಮೊದಲ ಸೌಟಿಗೆ ನಾಲಿಗೆಯ ಮೇಲೆ ಇರುವೆ ಹರಿಯಿತು. ಎರಡನೆಯದಕ್ಕೆ ಗಂಟಲಲ್ಲಿ ಮುಳ್ಳಿನ ಬೇಲಿ. ಮೂರು, ನಾಲ್ಕು, ಐದು. ಬೇಲಿ ಸವರುವಾಗ ಸಿಕ್ಕಿದ್ದು ಎಂದಿದ್ದರಲ್ಲ ರುದ್ರಯ್ಯ, ಇಡೀ ಬೇಲಿಯನ್ನೇ ನುಂಗಿದೆ. ತಿಥಿಯ ದಿನ ಗಂಡನಿಗಿಂತ ಮೊದಲು ಉಂಡ ಸೊಸೆ ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು.

ತಿರುನಾರಾಯಣ ಬಂದು ಎಲೆಯ ಮುಂದೆ ಕೂತರು. "ಗೆಡ್ಡೆ ಕೂಟು ಎಲ್ಲೇ?"

ನಾನು ಪಾತ್ರೆಯನ್ನು ಬೋರಲು ಮಾಡಿ ತೋರಿಸಿದೆ.

ಅವರು ಪಾತ್ರೆ ನೋಡಿದರು. ನನ್ನ ತುಟಿ ನೋಡಿದರು. ಕಣ್ಣಿನಿಂದ ಸುರಿಯುತ್ತಿದ್ದದ್ದನ್ನು ನೋಡಿದರು. ಎದ್ದು ಕೋಣೆಗೆ ಹೋದರು. ಬೀರುವಿನ ಬೀಗ ತೆಗೆದ ಸದ್ದು ಕೇಳಿಸಿತು. ನಿಂಬೆಗಾತ್ರದ ಹುಣಸೆಹಣ್ಣು, ಒಂದು ಚೂರು ಬೆಲ್ಲ ತಂದು ನನ್ನ ಅಂಗೈಗಿಟ್ಟರು.

"ಚೀಪು. ತಿಥಿ ಮುಗೀತು, ಇನ್ನು ದೋಷ ಇಲ್ಲ."

ಯಾವಾಗ ಗೊತ್ತಾಯಿತು ಎಂದು ಕೈಸನ್ನೆಯಲ್ಲಿ ಕೇಳಿದೆ.

"ಎರಡನೇ ಸಲ ಬಡಿಸಿದಾಗ ಬೆರಳಿಗೆ ಅಂಟ್ಕೊಳ್ತು. ಉರಿ ಇನ್ನೂ ಇಳಿದಿಲ್ಲ." ಕೆಂಪಗಾದ ಮೂರು ಬೆರಳು ತೋರಿಸಿದರು. "ಅಮ್ಮ ಅಳಲಿಲ್ಲ, ಗೊತ್ತು. ಆದ್ರೆ ಊಟ ಮಾತ್ರ ಮಾಡಿದ್ಳು. ಅದರಲ್ಲಿ ಅನುಮಾನ ಇಲ್ಲ."

ಹೇಗೆ ಎಂಬಂತೆ ನಾನು ಹುಬ್ಬೇರಿಸಿದೆ. ಅವರು ಅನ್ನಕ್ಕೆ ತುಪ್ಪ ಹಾಕಿಕೊಂಡು ನಿಧಾನವಾಗಿ ಕಲಸಿದರು.

"ಎಲೆ ಹಾಕಿದಾಗಿಂದ ಎಲೆ ಎತ್ತೋ ತನಕ ನೀನು ಒಂದು ಮಾತೂ ಆಡಲಿಲ್ಲ ಕಣೇ. ನಲವತ್ತೆಂಟು ವರ್ಷದಲ್ಲಿ ಇದೇ ಮೊದಲು. ಅವಳು ಕೇಳಿದ್ದೂ ಅಷ್ಟೇ ಅಲ್ವೇ?"

ಈ ತರ್ಕದಲ್ಲಿ ಕನಿಷ್ಠ ಮೂರು ದೋಷಗಳಿದ್ದವು. ಮೂರನ್ನೂ ಎತ್ತಿ ತೋರಿಸಲು ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಹುಣಸೆಹಣ್ಣು ಬಾಯಿಗಿಟ್ಟುಕೊಂಡೆ.